ಹತ್ತು ಡಿಗ್ರಿ ಆಗಲಿ, ಆಮೇಲೆ ನೋಡೋಣ

ವಸಂತದಲ್ಲಿ ಟ್ರೌಟ್ ಎಂಬ ತಣ್ಣೀರಿನ ಮೀನು ಹಿಡಿಯಲು ಬೆಳಗಿನ ಜಾವ ಎದ್ದು ಓಡಬೇಕಿಲ್ಲ. ಇದನ್ನು ಹೇಳಿದರೆ ಗಾಳ ಹಾಕುವ ಮಂದಿ ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಮೀನು ಅಂದರೆ ಮುಂಜಾನೆ ಎಂದು ಎಲ್ಲರ ತಲೆಯಲ್ಲೂ ಕೂತುಬಿಟ್ಟಿದೆ. ಬೇಸಿಗೆಯಲ್ಲಿ ಅದು ಸರಿ. ಆದರೆ ರಾತ್ರಿಯ ಇಬ್ಬನಿ ಹುಲ್ಲಿನ ಮೇಲೆ ಹೆಪ್ಪುಗಟ್ಟಿ, ಮೇಲಿನ ಬೆಟ್ಟದಲ್ಲಿ ಇನ್ನೂ ಹಿಮ ಉಳಿದಿರುವ ದಿನಗಳಲ್ಲಿ ಆರು ಗಂಟೆಗೇ ಹೊಳೆಗೆ ಇಳಿದವನಿಗೆ ಸಿಗುವುದು ಮರಗಟ್ಟಿದ ಕಾಲು ಮಾತ್ರ. ಮೀನು ಎಲ್ಲೂ ಹೋಗಿರುವುದಿಲ್ಲ. ನಿಂತ ಜಾಗದಿಂದ ಮಾರು ದೂರದಲ್ಲೇ ಇದ್ದೀತು. ಬಾಯಿ ತೆರೆಯುವುದಿಲ್ಲ, ಅಷ್ಟೇ.

ಚೀಲದಲ್ಲಿ ಮೊದಲು ಕೈಗೆ ಸಿಗುವ ಜಾಗದಲ್ಲಿ ನಾನು ಇಟ್ಟುಕೊಳ್ಳುವುದು ಕೊಕ್ಕೆಗಳ ಡಬ್ಬಿಯನ್ನಲ್ಲ, ಒಂದು ಥರ್ಮಾಮೀಟರನ್ನು. ತುದಿಗೆ ದಾರ ಕಟ್ಟಿದ್ದೇನೆ. ಹರಿಯುವ ನೀರಿನಲ್ಲಿ, ಬಿಸಿಲು ನೇರವಾಗಿ ಬೀಳದ ಕಡೆ, ಒಂದೆರಡು ನಿಮಿಷ ಮುಳುಗಿಸಿ ನೋಡುತ್ತೇನೆ. ರಾಡ್, ಅಂದರೆ ಗಾಳದ ಕೋಲು, ಜೋಡಿಸಬೇಕೋ, ದಡದಲ್ಲಿ ಸುಮ್ನೆ ಕೂರಬೇಕೋ ಅಂತ ಆಗ ಗೊತ್ತಾಗುತ್ತದೆ. ಟ್ರೌಟ್‌ಗೆ ತನ್ನದೇ ಆದ ಮೈಬಿಸಿ ಇಲ್ಲ. ನೀರು ಎಷ್ಟು ಬಿಸಿಯೋ ಅದರ ಮೈಯೂ ಸುಮಾರು ಅಷ್ಟೇ ಬಿಸಿ. ನೀರು 4 ಡಿಗ್ರಿ ಇದ್ದರೆ ಅದರ ಹೊಟ್ಟೆಯೊಳಗೂ ಅಷ್ಟೇ, ಅಲ್ಲಿ ಒಂದು ಹುಳ ಅರಗಲು ಬಹಳ ಹೊತ್ತು ಬೇಕು. ಅರಗದ ಮೇಲೆ ಹಸಿವೂ ಇಲ್ಲ. ಹಸಿವಿಲ್ಲದ ಮೇಲೆ ಮೇಲೆದ್ದು ಬಂದು ನೊಣ ನುಂಗುವ ಉಸಾಬರಿ ಯಾಕೆ? ಅದು ತಳದಲ್ಲಿ ಕಲ್ಲಿನ ಪಕ್ಕ ಮಲಗಿ ಖರ್ಚು ಕಡಿಮೆ ಮಾಡಿಕೊಳ್ಳುತ್ತದೆ. 10 ಡಿಗ್ರಿಯ ಹತ್ತಿರ ಬಂದರೆ ಲೆಕ್ಕ ಬದಲಾಗುತ್ತದೆ. 12ರಿಂದ 16ರವರೆಗೆ ಅದಕ್ಕೆ ಒಳ್ಳೆಯ ಊಟದ ಕಾಲ.

ಮೊನ್ನೆ ಹೋದದ್ದು ಚಿಕ್ಕ ಹೊಳೆಗೆ. ಕೆಲವು ಕಡೆ ನಾಲ್ಕು ಹೆಜ್ಜೆಯಲ್ಲಿ ದಾಟಬಹುದು, ಕೆಲವು ಕಡೆ ಬಂಡೆಯ ಕೆಳಗೆ ಎದೆಮಟ್ಟದ ಮಡು. ಎರಡೂ ದಡದಲ್ಲಿ ಮರಗಳು, ಇನ್ನೂ ಎಲೆ ಬಿಟ್ಟಿರಲಿಲ್ಲ, ಚಿಗುರಿನ ಮೊಗ್ಗು ಮಾತ್ರ ಕೆಂಪಗೆ ಕಾಣುತ್ತಿತ್ತು. ನಾವು ತಲುಪಿದಾಗ ಒಂಬತ್ತು ಗಂಟೆ. ನೀರು 5 ಡಿಗ್ರಿ. ಜೊತೆಗಿದ್ದ ಗೆಳೆಯ ಆಗಲೇ ಬೂಟು ಬಿಗಿದುಕೊಂಡು ರಾಡ್ ಕೈಯಲ್ಲಿ ಹಿಡಿದಿದ್ದ.

"ಏನು ಮಾರಾಯ, ಇಷ್ಟು ದೂರ ಬಂದಿದ್ದು ನೀರಿಗೆ ಜ್ವರ ಇದೆಯಾ ಅಂತ ನೋಡೋಕಾ?"

"ಜ್ವರ ಬರಲಿ ಅಂತಲೇ ಕಾಯ್ತಾ ಇದ್ದೀನಿ. ಕೂತ್ಕೋ."

ಅವನು ಕೂರಲಿಲ್ಲ. ಹೋಗಿ ತಳಕ್ಕೆ ಮುಳುಗುವ ಭಾರದ ಹುಳ ಕಟ್ಟಿ ಮಡುವಿನಲ್ಲಿ ಎಳೆಯುತ್ತಿದ್ದ. ತಪ್ಪೇನಿಲ್ಲ. ತಣ್ಣನೆ ನೀರಿನಲ್ಲಿ ಮೀನು ಸಿಗಬೇಕೆಂದರೆ ಅದರ ಮೂಗಿನ ಮುಂದೆಯೇ, ನಿಧಾನಕ್ಕೆ, ತಳದಲ್ಲಿ ಹೋಗಬೇಕು. ನನಗೆ ಅದರಲ್ಲಿ ಅಷ್ಟು ರುಚಿಯಿಲ್ಲ, ಅದೊಂದು ಚಟ ಅಂದುಕೊಳ್ಳಿ. ನನಗೆ ಮೀನು ಮೇಲೆ ಬಂದು ತಿನ್ನುವುದನ್ನು ಕಣ್ಣಾರೆ ಕಾಣಬೇಕು.

ಕಾಯುವುದು ಅಂದರೆ ಕೈಕಟ್ಟಿ ಕೂರುವುದಲ್ಲ. ಮೊಣಕಾಲುದ್ದದ ನೀರಿಗೆ ಇಳಿದು ಅಂಗೈಯಗಲದ ಒಂದು ಕಲ್ಲನ್ನು ಎತ್ತಿ ತಿರುಗಿಸಿ ನೋಡಿ. ಕಲ್ಲಿನ ಅಡಿಯಲ್ಲಿ ಇಡೀ ದಿನದ ಕಾರ್ಯಕ್ರಮ ಇರುತ್ತದೆ. ಮೊದಲು ಏನೂ ಕಾಣುವುದಿಲ್ಲ. ಸ್ವಲ್ಪ ಹೊತ್ತು ನೋಡಿದರೆ ಕಲ್ಲೇ ಹರಿದಾಡಲು ಶುರುವಾಗುತ್ತದೆ. ಚಪ್ಪಟೆ ಮೈ, ಅಗಲ ತಲೆ, ಬಾಲದಲ್ಲಿ ಎರಡು ಅಥವಾ ಮೂರು ಎಳೆ ಇರುವವು ಮೇಫ್ಲೈ ಎಂಬ ನೊಣದ ಮರಿಗಳು. ಮರಳಿನ ಕಾಳು, ಕಡ್ಡಿಚೂರುಗಳನ್ನು ತಾವೇ ನೂತ ರೇಷ್ಮೆಯಿಂದ ಅಂಟಿಸಿಕೊಂಡು ಕೊಳವೆಮನೆ ಮಾಡಿಕೊಂಡು ಅದರೊಳಗಿಂದ ತಲೆ ಹೊರಹಾಕುವವು ಕ್ಯಾಡಿಸ್ ಎಂಬ ಕೀಟದ ಮರಿಗಳು. ಬಾಲದಲ್ಲಿ ಎರಡೇ ಎಳೆ, ಗಟ್ಟಿ ಕಾಲು, ಅವಸರದ ನಡೆ ಇದ್ದರೆ ಸ್ಟೋನ್‌ಫ್ಲೈ ಕೀಟದ ಮರಿ. ಸ್ಟೋನ್‌ಫ್ಲೈ ಇದೆ ಅಂದರೆ ನೀರು ಚೆನ್ನಾಗಿದೆ ಅಂತ ಅರ್ಥ, ಕೊಳಕು ನೀರಿನಲ್ಲಿ ಅದು ಮೊದಲು ಹೋಗುವ ಪೈಕಿ. ಈ ಹುಳಗಳನ್ನು ನೋಡಿಯೇ ಹೊಳೆಯ ಆರೋಗ್ಯ ಅಳೆಯುವ ಪದ್ಧತಿ ಎಷ್ಟೋ ದೇಶಗಳಲ್ಲಿದೆ.

ಆ ದಿನ ನಾನು ಎತ್ತಿದ ಕಲ್ಲುಗಳಲ್ಲಿ ಕೆಲವು ಮೇಫ್ಲೈ ಮರಿಗಳ ಬೆನ್ನು ಕಪ್ಪಾಗಿತ್ತು. ಬೆನ್ನಿನ ಮೇಲೆ ರೆಕ್ಕೆಗಳು ಮಡಚಿ ಕೂತಿರುವ ಒಂದು ಚೀಲದಂಥ ಭಾಗ ಇರುತ್ತದೆ, ಹೊರಬರುವ ಕಾಲ ಹತ್ತಿರವಾದಂತೆ ಅದು ಕಪ್ಪಾಗುತ್ತದೆ. ಇವತ್ತಲ್ಲ ನಾಳೆ ಅನ್ನುವ ಹುಳ. ಕಲ್ಲನ್ನು ಹೇಗಿತ್ತೋ ಹಾಗೇ, ಅದೇ ಮಗ್ಗುಲಿಗೆ ಇಡಬೇಕು. ಎತ್ತಿ ನೋಡಿ ದಡಕ್ಕೆ ಎಸೆದು ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮೇಫ್ಲೈ ಬದುಕು ವಿಚಿತ್ರ. ಎಷ್ಟೋ ಜಾತಿಗಳು ನೀರಿನಡಿ ಕಲ್ಲಿಗೆ ಅಂಟಿಕೊಂಡೇ ಸುಮಾರು ಒಂದು ವರ್ಷ ಕಳೆಯುತ್ತವೆ. ಪಾಚಿ ಕೆರೆದು ತಿಂದು, ಪದೇ ಪದೇ ಪೊರೆ ಬಿಟ್ಟು ಬೆಳೆದು, ನೀರಿನ ಬಿಸಿ ಸರಿಹೋದ ಒಂದು ಮಧ್ಯಾಹ್ನ ಎಲ್ಲವೂ ಒಟ್ಟಿಗೆ ಮೇಲೇರುತ್ತವೆ. ನೀರಿನ ಮೇಲ್ಮೈಯಲ್ಲಿ ಬೆನ್ನು ಬಿರಿಯುತ್ತದೆ. ಒಳಗಿಂದ ರೆಕ್ಕೆ ಇರುವ ನೊಣ ಹೊರಬರುತ್ತದೆ, ಬಿಟ್ಟ ಪೊರೆಯ ಮೇಲೇ ನಿಂತು ರೆಕ್ಕೆ ನೆಟ್ಟಗೆ ಮಾಡಿಕೊಂಡು ಒಣಗಿಸುತ್ತಾ ಹೊಳೆಯ ಜೊತೆ ತೇಲುತ್ತದೆ. ನಂತರ ಹಾರಿ ಮರ ಸೇರುತ್ತದೆ. ಅಲ್ಲಿ ಇನ್ನೊಂದು ಸಲ ಪೊರೆ ಬಿಡುತ್ತದೆ. ರೆಕ್ಕೆ ಬಂದ ಮೇಲೂ ಪೊರೆ ಬಿಡುವ ಕೀಟ ಈ ಭೂಮಿಯಲ್ಲಿ ಇದೊಂದೇ ಗುಂಪು. ದೊಡ್ಡದಾದ ಮೇಲೆ ಅದಕ್ಕೆ ಕೆಲಸ ಮಾಡುವ ಬಾಯಿಯೇ ಇಲ್ಲ. ತಿನ್ನುವುದಿಲ್ಲ. ಗಾಳಿಯಲ್ಲೇ ಕೂಡಿ, ಮತ್ತೆ ನೀರಿಗೆ ಬಂದು ಮೊಟ್ಟೆಯಿಟ್ಟು ಸಾಯುತ್ತದೆ. ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ.

ಟ್ರೌಟ್ ಕಾಯುವುದು ಆ ಒಣಗಿಸಿಕೊಳ್ಳುವ ಹೊತ್ತಿಗೆ. ಬಿಸಿಲಿನ ದಿನ ನೊಣ ಬೇಗ ಒಣಗಿ ಬೇಗ ಹಾರಿಬಿಡುತ್ತದೆ. ಮೋಡ ಕವಿದು ಸಣ್ಣಗೆ ತುಂತುರು ಹಾಕುತ್ತಿದ್ದರೆ ರೆಕ್ಕೆ ಒಣಗುವುದೇ ಇಲ್ಲ, ಪಾಪ, ತೇಲುತ್ತಲೇ ಇರುತ್ತದೆ. ಹಾಗಾಗಿ ವಸಂತದಲ್ಲಿ ಎಲ್ಲರೂ ಹಾಳು ಹವೆ ಎಂದು ಮನೆಯಲ್ಲಿ ಕೂರುವ ದಿನವೇ ಟ್ರೌಟ್ ಹಿಡಿಯುವವನಿಗೆ ಒಳ್ಳೆಯ ದಿನ. ಮೊನ್ನೆ ಮೋಡವೂ ಬಿಸಿಲೂ ಸರದಿಯಂತೆ ಬರುತ್ತಿದ್ದವು. ಹನ್ನೊಂದೂವರೆಗೆ ನೀರು 7 ಡಿಗ್ರಿ ಮುಟ್ಟಿತ್ತು.

ಈ ಹೊತ್ತಿನಲ್ಲಿ ಮಾಡಬೇಕಾದ ಇನ್ನೊಂದು ಕೆಲಸ, ಮೀನು ಎಲ್ಲಿರಬಹುದು ಎಂದು ನೋಡಿಡುವುದು. ಹೊಳೆಯನ್ನು ಸುಮ್ನೆ ನೋಡಿದರೆ ಎಲ್ಲ ನೀರೂ ಒಂದೇ ಥರ. ಟ್ರೌಟ್‌ಗೆ ಹಾಗಲ್ಲ. ಅದಕ್ಕೆ ಮೂರು ಬೇಕು: ಕಡಿಮೆ ಶ್ರಮದಲ್ಲಿ ನಿಲ್ಲುವ ಜಾಗ, ಪಕ್ಕದಲ್ಲೇ ಊಟ ಹೊತ್ತು ತರುವ ಹರಿವು, ಅಪಾಯ ಬಂದರೆ ನುಗ್ಗಲು ಒಂದು ಮರೆ. ಜೋರು ಗಾಳಿಯಲ್ಲಿ ಗೋಡೆಯ ಮರೆಗೆ ನಿಂತು ರಸ್ತೆಯಲ್ಲಿ ಹೋಗುವ ಬುಟ್ಟಿಗೆ ಕೈ ಚಾಚುವವನ ಹಾಗೆ ಅದರ ಬದುಕು. ಬಂಡೆಯ ಹಿಂದೆ ಇರುತ್ತದೆ ಎಂದು ಎಲ್ಲರಿಗೂ ಗೊತ್ತು. ಬಂಡೆಯ ಮುಂದೆಯೂ ಇರುತ್ತದೆ ಎಂದು ಬಹಳ ಜನಕ್ಕೆ ಗೊತ್ತಿಲ್ಲ. ನೀರು ಬಂಡೆಗೆ ಬಡಿದು ಎರಡಾಗುವ ಮೊದಲು ಅಲ್ಲೊಂದು ಸಣ್ಣ ನಿಧಾನದ ತಾವು ಇರುತ್ತದೆ, ಅಲ್ಲಿ ನಿಂತರೆ ಬರುವ ಹುಳವೆಲ್ಲ ಮೊದಲು ಅದರದೇ. ತಳದ ಕಲ್ಲುಗಳ ಉಜ್ಜಾಟದಿಂದ ತಳಕ್ಕೆ ತಾಗಿದ ನೀರು ಮೇಲಿನದಕ್ಕಿಂತ ನಿಧಾನ ಹರಿಯುತ್ತದೆ. ಮೇಲೆ ರಭಸ ಕಂಡರೂ ಕೆಳಗೆ ಮೀನು ಆರಾಮಾಗಿ ಇರಬಹುದು. ಇನ್ನು ವೇಗದ ಹರಿವೂ ನಿಧಾನದ ಹರಿವೂ ಉಜ್ಜಿಕೊಂಡು ಹೋಗುವ ಗೆರೆ ಇದೆಯಲ್ಲ, ನೊರೆ ಸಾಲಾಗಿ ಹೋಗುವ ಗೆರೆ, ಅಲ್ಲೇ ಹುಳಗಳೂ ಸೇರುತ್ತವೆ. ನೊರೆಯ ದಾರಿ ನೋಡಿದರೆ ಊಟದ ದಾರಿ ನೋಡಿದ ಹಾಗೆಯೇ.

ಅದು ಸದಾ ಹರಿವಿಗೆ ಎದುರಾಗಿ ಮುಖ ಮಾಡಿ ನಿಲ್ಲುತ್ತದೆ. ಆದ್ದರಿಂದ ನಾವು ಕೆಳಗಿನಿಂದ, ಅಂದರೆ ಅದರ ಬಾಲದ ಕಡೆಯಿಂದ, ಹೊಳೆಯ ಮೇಲಕ್ಕೆ ನಡೆಯಬೇಕು. ನೀರಿನಡಿಯಿಂದ ಮೇಲೆ ನೋಡಿದರೆ ಹೊರಗಿನ ಇಡೀ ಜಗತ್ತು ಸುಮಾರು 97 ಡಿಗ್ರಿ ಕೋನದಷ್ಟು ಅಗಲದ ದುಂಡು ಕಿಟಕಿಯೊಳಗೆ ಕಾಣುತ್ತದೆ, ಬೆಳಕು ನೀರಿಗೆ ಇಳಿಯುವಾಗ ಬಾಗುವುದರಿಂದ. ಕಿಟಕಿಯ ಆಚೆ ನೀರಿನ ಮೇಲ್ಮೈ ಬರೀ ಕನ್ನಡಿ, ಅದರಲ್ಲಿ ತಳದ ಬಿಂಬ ಮಾತ್ರ. ದಿಗಂತದ ಹತ್ತಿರದ್ದೆಲ್ಲ ಕಿಟಕಿಯ ಅಂಚಿನಲ್ಲಿ ಅಪ್ಪಚ್ಚಿಯಾಗಿ ಮಸುಕಾಗಿ ಸೇರಿರುತ್ತದೆ. ಅದಕ್ಕೇ ತಗ್ಗಿ, ಬೇಕಾದರೆ ಮೊಣಕಾಲೂರಿ ಹೋಗುವುದು. ಆ ಕಿಟಕಿಯ ಅಗಲ ಮೀನು ಇರುವ ಆಳದ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅರ್ಧ ಅಡಿ ಆಳದಲ್ಲಿ ಇರುವ ಮೀನಿಗೆ ಕಾಣುವುದು ಒಂದಡಿ ಚಿಲ್ಲರೆ ಅಗಲದ ಬಯಲು. ನಾವು ಬಹಳ ಹತ್ತಿರ ಹೋಗಬಹುದು, ಆದರೆ ಕೊಕ್ಕೆಗೆ ಕಟ್ಟಿದ ನಮ್ಮ ಹುಸಿನೊಣ ಆ ಪುಟ್ಟ ಜಾಗದ ದಾರಿಯಲ್ಲೇ ಬಂದರೆ ಮಾತ್ರ ಅದಕ್ಕೆ ಸರಿಯಾಗಿ ಕಂಡೀತು. ಮಾತಾಡಿದರೆ ಮೀನು ಓಡುತ್ತದೆ ಎನ್ನುವುದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಗಾಳಿಯಲ್ಲಿ ಹೊರಡುವ ಸದ್ದು ನೀರಿಗೆ ಹೆಚ್ಚು ಇಳಿಯುವುದಿಲ್ಲ. ದಡದಲ್ಲಿ ಧಡಧಡ ನಡೆಯುವುದು, ನೀರಿನಲ್ಲಿ ಕಲ್ಲು ಉರುಳಿಸುವುದು, ಇವು ಖಂಡಿತ ತಿಳಿಯುತ್ತವೆ. ಮೀನಿನ ಎರಡೂ ಮಗ್ಗುಲಲ್ಲಿ ಉದ್ದಕ್ಕೆ ಒಂದು ಗೆರೆ ಇದೆ, ನೀರಿನ ಅಲುಗಾಟ ತಿಳಿಯುವ ಅಂಗ ಅದು.

ಹನ್ನೆರಡೂವರೆ ದಾಟಿದ ಮೇಲೆ ನೊರೆಯ ಗೆರೆಯಲ್ಲಿ ಮೊದಲನೆಯ ನೊಣ ಕಂಡಿತು. ಬೂದು ಹಸಿರು ಮೈ, ನೆಟ್ಟಗೆ ನಿಂತ ಬೂದು ರೆಕ್ಕೆ, ನನ್ನ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಆಲಿವ್ ಎಂದು ಕರೆಯುವ ಗುಂಪಿನದು. ಒಂದಾದ ಮೇಲೆ ಇನ್ನೊಂದು. ಆಮೇಲೆ ಹತ್ತಾರು. ಥರ್ಮಾಮೀಟರ್ ಹತ್ತಕ್ಕೆ ಒಂದು ಕೂದಲೆಳೆ ಕಡಿಮೆ ತೋರಿಸುತ್ತಿತ್ತು. ಸ್ವಲ್ಪ ಹೊತ್ತು ಯಾರೂ ಅವುಗಳನ್ನು ಮುಟ್ಟಲಿಲ್ಲ, ಸಾಲು ಸಾಲಾಗಿ ತೇಲಿ ಹೋದವು. ಆಮೇಲೆ ಎದುರು ದಡದ ಬೇರಿನ ಹತ್ತಿರ ನೀರು ಸಣ್ಣಗೆ ಚಿಮ್ಮಿತು. ನೀರ ಮೇಲೆ ಉಂಗುರ ಹರಡಿತು, ನಡುವೆ ಒಂದು ಗುಳ್ಳೆ ಉಳಿಯಿತು. ಗುಳ್ಳೆ ಉಳಿದರೆ ಮೀನು ಮೇಲಿನದ್ದನ್ನೇ ತಿಂದಿದೆ ಎಂದು ಹೇಳುವುದುಂಟು. ನೊಣದ ಜೊತೆ ಒಂದಿಷ್ಟು ಗಾಳಿಯೂ ಬಾಯಿಗೆ ಹೋಗಿ ಕಿವಿರಿನಿಂದ ಹೊರಬರುತ್ತದೆ. ಗುಳ್ಳೆ ಇಲ್ಲದೆ ಬೆನ್ನು ಮಾತ್ರ ಮಗುಚಿದ ಹಾಗೆ ಕಂಡರೆ, ನೀರಿನ ಚರ್ಮಕ್ಕೆ ತಾಗಿಕೊಂಡಿರುವ, ಇನ್ನೂ ಹೊರಬರದ ಮರಿಯನ್ನು ತಿನ್ನುತ್ತಿದೆ ಅಂತ.

ಗೆಳೆಯ ಮಡು ಬಿಟ್ಟು ಬಂದು ಪಕ್ಕದಲ್ಲಿ ಕೂತ. ಮೊಣಕಾಲು ಉಜ್ಜಿಕೊಳ್ಳುತ್ತಿದ್ದ.

"ಶುರುವಾಯ್ತಾ?"

"ಆಯ್ತು. ಬೇರಿನ ಹತ್ತಿರ ಒಂದು, ಆ ಬಿಳಿ ಕಲ್ಲಿನ ಮುಂದೆ ಒಂದು. ಬೇರಿನದ್ದು ನಿನಗೆ."

"ಕಷ್ಟದ್ದನ್ನು ನನಗೆ ಕೊಟ್ಟೆ ಅಲ್ವಾ?"

ಹೌದು, ಕೊಟ್ಟೆ.

ಫ್ಲೈ ಫಿಶಿಂಗ್ ಎನ್ನುವ ಈ ಥರದ ಗಾಳದಲ್ಲಿ ಕೊಕ್ಕೆಗೆ ಭಾರವೇ ಇಲ್ಲ. ಮಾಮೂಲಿ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಉಲ್ಟಾ. ದಪ್ಪ ದಾರಕ್ಕೇ ತೂಕ, ಆ ದಾರವನ್ನು ಹಿಂದೆ ಮುಂದೆ ಬೀಸಿ, ಅದು ಬಿಚ್ಚಿಕೊಳ್ಳುವ ರಭಸದಲ್ಲಿ ತುದಿಯ ತೆಳ್ಳನೆ ನೈಲಾನ್ ಎಳೆಯೂ ಅದರ ತುದಿಯ ಹುಸಿನೊಣವೂ ಹೋಗಿ ಇಳಿಯಬೇಕು. ಹುಸಿನೊಣ ಅಂದರೆ ಕೊಕ್ಕೆಗೆ ಸುತ್ತಿದ ಒಂದಿಷ್ಟು ಮೊಲದ ತುಪ್ಪಟ, ಹುಂಜದ ಕತ್ತಿನ ಗರಿ, ದಾರ. ಇದೇನು ಇತ್ತೀಚಿನ ಶೋಕಿಯಲ್ಲ. ಸುಮಾರು 1800 ವರ್ಷದ ಹಿಂದೆ ರೋಮನ್ ಸಾಮ್ರಾಜ್ಯದ ಒಬ್ಬ ಬರಹಗಾರ, ಮ್ಯಾಸಿಡೋನಿಯಾದ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಗರಿ ಕಟ್ಟಿ, ಮೈಮೇಲೆ ಚುಕ್ಕೆ ಇರುವ ಮೀನನ್ನು ಹಿಡಿಯುತ್ತಾರೆ ಎಂದು ಬರೆದಿಟ್ಟಿದ್ದಾನೆ. ಅಲ್ಲಿಂದ ಇಲ್ಲಿಗೆ ರಾಡ್ ಬದಲಾಗಿದೆ, ಬಿದಿರು ಹೋಗಿ ಗಾಜಿನ ನಾರು ಬಂತು, ಅದು ಹೋಗಿ ಕಾರ್ಬನ್ ಬಂತು. ಗರಿ ಮಾತ್ರ ಇನ್ನೂ ಹುಂಜದ್ದೇ.

ಬೀಸುವುದನ್ನು ಕಲಿಯಲು ಒಂದಿಷ್ಟು ದಿನ ಸಾಕು. ಕಷ್ಟ ಇರುವುದು ನೊಣ ನೀರಿಗೆ ಇಳಿದ ಮೇಲೆ. ನಿಜವಾದ ನೊಣ ತನ್ನ ಕೆಳಗಿನ ನೀರಿನ ವೇಗದಲ್ಲೇ ಹೋಗುತ್ತದೆ. ನಮ್ಮ ನೊಣಕ್ಕೆ ದಾರ ಇದೆ, ದಾರ ನಾಲ್ಕಾರು ಬೇರೆ ಬೇರೆ ವೇಗದ ಹರಿವಿನ ಮೇಲೆ ಬಿದ್ದಿರುತ್ತದೆ, ಒಂದು ಹರಿವು ದಾರವನ್ನು ಮುಂದಕ್ಕೆ ಎಳೆದ ಕೂಡಲೇ ತುದಿಯ ನೊಣ ನೀರಿನ ಮೇಲೆ ಅಡ್ಡಕ್ಕೆ ಜಾರುತ್ತದೆ, ಹಿಂದೆ ಒಂದು ಸಣ್ಣ ಗೀಟು ಬೀಳುತ್ತದೆ. ಅಷ್ಟು ಸಾಕು ಟ್ರೌಟ್‌ಗೆ. ಅದು ಜಾಣ ಎಂದು ನಾನು ಹೇಳುವುದಿಲ್ಲ, ಅದರ ಮಿದುಳು ಒಂದು ಬಟಾಣಿಯಷ್ಟೂ ಇಲ್ಲ. ಸಾವಿರ ನೊಣ ಒಂದೇ ಥರ ಬಂದಿದ್ದನ್ನು ಕಂಡ ಮೇಲೆ ಬೇರೆ ಥರ ಬಂದದ್ದನ್ನು ಬಿಟ್ಟುಬಿಡುತ್ತದೆ. ನಾವೇ ಅದಕ್ಕೆ ಬುದ್ಧಿಯ ಪಟ್ಟ ಕಟ್ಟಿ ನಮ್ಮ ಸೋಲಿಗೆ ಮರ್ಯಾದೆ ತಂದುಕೊಳ್ಳುತ್ತೇವೆ.

ಬಿಳಿ ಕಲ್ಲಿನ ಮುಂದಿನ ಮೀನಿಗೆ ನಾನು ಸ್ವಲ್ಪ ಪಕ್ಕಕ್ಕೆ ಸರಿದು, ನಡುವೆ ಒಂದೇ ಹರಿವು ಇರುವಂತೆ ನಿಂತೆ. ದಾರದಲ್ಲಿ ಒಂದಿಷ್ಟು ಸಡಿಲ ಬಿಟ್ಟು ಹಾಕಿದೆ. ನೊಣ ಕಲ್ಲಿಗಿಂತ ಎರಡಡಿ ಮೇಲೆ ಇಳಿದು, ಉಳಿದವುಗಳ ಜೊತೆ ಸಾಲಿನಲ್ಲಿ ಬಂತು. ಕೆಳಗಿನಿಂದ ಒಂದು ನೆರಳು ಎದ್ದಿತು. ನೊಣದ ಕೆಳಗೇ ಹಿಂದಕ್ಕೆ ತೇಲುತ್ತಾ ಬಂತು, ಒಂದಡಿಯಷ್ಟು ಹಾಗೇ ನೋಡುತ್ತಾ. ನನಗೆ ಉಸಿರು ಬಿಡುವುದೂ ಬೇಡ ಅನ್ನಿಸಿತ್ತು. ಮೂಗು ಹೊರಬಂತು, ನೊಣ ಇಲ್ಲವಾಯಿತು. ಅವಸರದಲ್ಲಿ ಎಳೆದರೆ ಬಾಯಿಯಿಂದಲೇ ಕಿತ್ತುಬರುತ್ತದೆ, ಅದು ತಿರುಗಿ ಕೆಳಗೆ ಹೋಗುವವರೆಗೆ ಬಿಟ್ಟು ರಾಡ್ ಎತ್ತಬೇಕು.

ಕಂದು ಟ್ರೌಟ್. ಗೇಣಿಗಿಂತ ಸ್ವಲ್ಪ ಉದ್ದ, ಈ ಹೊಳೆಗೆ ಅದು ಸಣ್ಣದೇನಲ್ಲ. ಮಗ್ಗುಲು ಬೆಣ್ಣೆ ಹಳದಿ, ಅದರ ಮೇಲೆ ಕಪ್ಪು ಚುಕ್ಕೆ, ನಡುವೆ ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕೆ, ಕೆಂಪಿನ ಸುತ್ತ ತಿಳಿ ನೀಲಿಯ ಅಂಚು. ಒಂದರ ಚುಕ್ಕೆಗಳ ಸಾಲು ಇನ್ನೊಂದಕ್ಕೆ ಇರುವುದಿಲ್ಲ, ಬಿಟ್ಟ ಮೀನು ಮತ್ತೆ ಸಿಕ್ಕಿದರೆ ಚುಕ್ಕೆ ನೋಡಿ ಗುರುತಿಸಬಹುದು.

ಬಿಡುವುದರ ಬಗ್ಗೆ ಒಂದು ಮಾತು. ಹಿಡಿದು ಬಿಡುವವರು ತಮ್ಮನ್ನು ದಯಾಳುಗಳು ಎಂದು ತಿಳಿದುಕೊಳ್ಳುವುದು ನನಗೆ ಹಿಡಿಸುವುದಿಲ್ಲ. ಮೀನಿನ ಕಡೆಯಿಂದ ನೋಡಿದರೆ ಅದಕ್ಕೆ ನಾವು ಮಾಡಿದ ಉಪಕಾರ ಏನೂ ಇಲ್ಲ. ಒಂದು ಊಟಕ್ಕೆ ಒಂದು ಮೀನು ತೆಗೆದುಕೊಂಡು ಹೋಗುವವನು ನನಗಿಂತ ಕ್ರೂರಿ ಎಂದು ನಾನು ಹೇಳಲಾರೆ, ನಿಯಮ ಒಪ್ಪಿದ್ದರೆ, ಹೊಳೆಯಲ್ಲಿ ಸಾಕಷ್ಟು ಮೀನು ಇದ್ದರೆ. ನಾನು ಬಿಡುವುದು ಈ ಹೊಳೆ ಚಿಕ್ಕದು ಎಂಬ ಕಾರಣಕ್ಕೆ. ಬಿಡುವುದಾದರೆ ಸರಿಯಾಗಿ ಬಿಡಬೇಕು. ಕೊಕ್ಕೆಯ ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿಬಿಟ್ಟರೆ ಒಂದು ತಿರುವಿಗೆ ಬಿಚ್ಚಿಕೊಳ್ಳುತ್ತದೆ. ಕೈ ಒದ್ದೆ ಮಾಡಿಕೊಳ್ಳಬೇಕು, ಒಣಗೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಉಜ್ಜಿಹೋಗುತ್ತದೆ, ರೋಗ ತಡೆಯುವ ಅದರ ಮೊದಲ ಹೊದಿಕೆ ಅದೇ. ಮುಖ್ಯವಾದದ್ದು ನೀರಿನಿಂದ ಎತ್ತದಿರುವುದು. ಗಾಳಿಗೆ ಬಂದ ಕೂಡಲೇ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಉಸಿರು ನಿಂತಂತಾಗುತ್ತದೆ, ಅದೂ ಆಗ ತಾನೇ ಜೀವ ಬಿಟ್ಟು ಓಡಿ ದಣಿದ ಮೇಲೆ. ಎದೆಯೆತ್ತರಕ್ಕೆ ಹಿಡಿದು, ಹಲ್ಲು ಕಿರಿದು, ಇನ್ನೊಂದು ಫೋಟೋ, ಇನ್ನೊಂದು ಫೋಟೋ ಎನ್ನುವವರು ಅಷ್ಟು ಹೊತ್ತು ತಮ್ಮ ಉಸಿರನ್ನೂ ಹಿಡಿದು ನೋಡಲಿ.

ಎಲ್ಲಿ ಕಾಲಿಡಬೇಕು ಎನ್ನುವುದೂ ವಸಂತದಲ್ಲಿ ದೊಡ್ಡ ವಿಷಯ. ಕಂದು ಟ್ರೌಟ್ ಚಳಿಗಾಲದ ಮೊದಲು, ಶರತ್ಕಾಲ ಮುಗಿಯುವ ಹೊತ್ತಿಗೆ, ಸಣ್ಣ ಜಲ್ಲಿಕಲ್ಲಿನ ತಳದಲ್ಲಿ ಬಾಲದಿಂದ ಗುಂಡಿ ತೋಡಿ ಮೊಟ್ಟೆಯಿಟ್ಟು ಮೇಲೆ ಜಲ್ಲಿ ಮುಚ್ಚುತ್ತದೆ. ಚಳಿಗಾಲವೆಲ್ಲ ಮೊಟ್ಟೆ ಅಲ್ಲೇ. ಅಲ್ಲಿಯೂ ಥರ್ಮಾಮೀಟರಿನದ್ದೇ ಲೆಕ್ಕ. ಪ್ರತಿದಿನದ ನೀರಿನ ಬಿಸಿಯನ್ನು ಕೂಡುತ್ತಾ ಹೋದರೆ ಸುಮಾರು 400ರಿಂದ 450 ಆಗುವ ಹೊತ್ತಿಗೆ ಮೊಟ್ಟೆ ಒಡೆಯುತ್ತದೆ. ನೀರು 5 ಡಿಗ್ರಿ ಇದ್ದರೆ 80ರಿಂದ 90 ದಿನ, 10 ಇದ್ದರೆ ಸುಮಾರು ಅರ್ಧ. ಒಡೆದ ಮೇಲೂ ಮರಿ ಹೊರಗೆ ಬರುವುದಿಲ್ಲ, ಹೊಟ್ಟೆಗೆ ಅಂಟಿದ ಹಳದಿಯ ಚೀಲ ಕರಗುವವರೆಗೆ ಜಲ್ಲಿಯೊಳಗೇ ಅಡಗಿರುತ್ತದೆ. ಅಂದರೆ ವಸಂತದಲ್ಲಿ ನಾವು ಸಲೀಸಾಗಿ ಹೆಜ್ಜೆ ಹಾಕುವ ಆ ಅಚ್ಚುಕಟ್ಟಾದ ಜಲ್ಲಿ ಹಾಸಿನ ಕೆಳಗೆ ಮುಂದಿನ ವರ್ಷಗಳ ಮೀನುಗಳು ಇರುತ್ತವೆ. ಸುತ್ತಲಿನ ತಳಕ್ಕಿಂತ ಬೆಳ್ಳಗೆ ತೊಳೆದಂತೆ ಕಾಣುವ ಜಲ್ಲಿ ಇದ್ದರೆ ಸುತ್ತು ಹಾಕಿ ದಡದ ಮೇಲೆ ಹೋಗಬೇಕು.

ಮೊಟ್ಟೆಯ ಈ ಗಡಿಯಾರ ಗೊತ್ತಿದ್ದದ್ದರಿಂದಲೇ ಟ್ರೌಟ್ ಭೂಮಿಯ ಆಚೆ ಬದಿಗೂ ಹೋಯಿತು. 1864ರಲ್ಲಿ ಇಂಗ್ಲೆಂಡಿನಿಂದ ಟ್ಯಾಸ್ಮೇನಿಯಾಕ್ಕೆ ಹಡಗಿನಲ್ಲಿ ಮೊಟ್ಟೆ ಕಳಿಸಿದರು, ಒದ್ದೆ ಪಾಚಿಯಲ್ಲಿ ಸುತ್ತಿ ಮಂಜುಗಡ್ಡೆಯ ನಡುವೆ ಇಟ್ಟು. ಹಿಂದಿನ ಪ್ರಯತ್ನಗಳು ಹಾಳಾಗಿದ್ದವು. ಈ ಸಲ ಮಂಜು ಗಡಿಯಾರವನ್ನು ನಿಧಾನ ಮಾಡಿತು, ಮೂರು ತಿಂಗಳ ಹತ್ತಿರದ ಪ್ರಯಾಣ, ಭೂಮಧ್ಯರೇಖೆಯ ಸೆಕೆ ಎಲ್ಲ ದಾಟಿ ಒಂದಿಷ್ಟು ಮೊಟ್ಟೆ ಜೀವಂತ ತಲುಪಿ ಒಡೆದವು. ಅಲ್ಲಿಂದ ನ್ಯೂಜಿಲೆಂಡ್. 1883ರಲ್ಲಿ ಜರ್ಮನಿಯಿಂದ ಅಮೆರಿಕಕ್ಕೆ, 1900ರಲ್ಲಿ ಕಾಶ್ಮೀರಕ್ಕೆ, ಆಮೇಲೆ ನೀಲಗಿರಿಯ ಮೇಲಿನ ತೊರೆಗಳಿಗೆ ಅದರ ಬಂಧು ಕಾಮನಬಿಲ್ಲು (ರೇನ್‌ಬೋ) ಟ್ರೌಟ್. ತಣ್ಣನೆ ನೀರು ಕಂಡಲ್ಲೆಲ್ಲ ಯಾರೋ ಒಬ್ಬ ಸಾಹೇಬ ಟ್ರೌಟ್ ಬಿಡುವ ಕನಸು ಕಂಡ. ಅದಕ್ಕೆ ತೆತ್ತವರು ಅಲ್ಲಿದ್ದ ಮೀನುಗಳು. ನ್ಯೂಜಿಲೆಂಡಿನ ಹೊಳೆಗಳ ಗ್ಯಾಲಾಕ್ಸಿಡ್ ಎಂಬ ಸಣ್ಣ ಮೀನುಗಳು ಟ್ರೌಟ್ ಬಂದ ಎಷ್ಟೋ ತೊರೆಗಳಲ್ಲಿ ಉಳಿದಿಲ್ಲ, ಜಲಪಾತದ ಮೇಲೆ, ಟ್ರೌಟ್ ಏರಲಾರದ ಕಡೆ ಮಾತ್ರ ಉಳಿದುಕೊಂಡಿವೆ. ಲೋಕದ ಅತಿ ಕೆಟ್ಟ 100 ಅತಿಕ್ರಮಣ ಜೀವಿಗಳ ಪಟ್ಟಿಯಲ್ಲಿ ಕಂದು ಟ್ರೌಟೂ ಇದೆ, ಕಾಮನಬಿಲ್ಲು ಟ್ರೌಟೂ ಇದೆ. ನಾನು ಇಷ್ಟು ಹೊಗಳುತ್ತಿರುವ ಮೀನು ಯಾವ ನೀರಿನಲ್ಲಿ ನಿಂತಿದೆ ಎನ್ನುವುದರ ಮೇಲೆ ಅದು ಅತಿಥಿಯೋ ಮನೆಯವನೋ ಕಳ್ಳನೋ ತೀರ್ಮಾನ ಆಗುತ್ತದೆ. ಹೊಸ ಹೊಳೆಗೆ ಹೋಗುವ ಮೊದಲು ನಾನು ಇದನ್ನು ವಿಚಾರಿಸಿಕೊಳ್ಳುತ್ತೇನೆ. ಹೊರಗಿನಿಂದ ಬಂದ ಮೀನಾದರೆ ಬಿಡುವ ಬಗ್ಗೆ ಮೇಲೆ ಹೇಳಿದ್ದೆಲ್ಲ ಉಲ್ಟಾ, ಕೆಲವು ಕಡೆ ಹಿಡಿದದ್ದನ್ನು ವಾಪಸು ಬಿಡಬಾರದು ಎಂಬ ನಿಯಮವೇ ಇದೆ.

ಬೇರಿನ ಹತ್ತಿರದ ಮೀನು ಗೆಳೆಯನಿಗೆ ಸಿಗಲಿಲ್ಲ. ನೊಣ ಹೋಗಿ ಎರಡು ಸಲ ಬೇರಿಗೇ ಸಿಕ್ಕಿತು, ಬಿಡಿಸಲು ಹೋದಾಗ ಮೀನೂ ಹೋಯಿತು. ಆದರೆ ಮೇಲಿನ ತಿರುವಿನಲ್ಲಿ ಅವನಿಗೆ ನನ್ನದಕ್ಕಿಂತ ದೊಡ್ಡದು ಬಿತ್ತು, ಅದನ್ನು ಅವನು ದಿನವಿಡೀ ಹೇಳುತ್ತಿದ್ದ. ಎರಡೂವರೆಯವರೆಗೆ ಹೊಳೆ ತುಂಬ ಉಂಗುರಗಳೇ.

ಆಮೇಲೆ ಬಿಸಿಲು ಜೋರಾಯಿತು, ಜಾಕೆಟ್ ತೆಗೆದು ಸೊಂಟಕ್ಕೆ ಕಟ್ಟಿಕೊಂಡೆವು. ಇನ್ನೂ ಒಳ್ಳೆಯದಾಗುತ್ತದೆ ಎಂದು ಗೆಳೆಯನ ಲೆಕ್ಕ. ಮೂರೂವರೆಗೆ ನೀರು 8 ಡಿಗ್ರಿಗೆ ಇಳಿದಿತ್ತು. ಗಾಳಿ ಬಿಸಿ, ನೀರು ತಣ್ಣಗೆ. ಬೆಟ್ಟದ ಮೇಲಿನ ಹಿಮಕ್ಕೆ ಬೆಳಗ್ಗೆಯಿಂದ ಬಿದ್ದ ಬಿಸಿಲು ಈಗ ನೀರಾಗಿ ನಮ್ಮನ್ನು ತಲುಪಿತ್ತು. ಬಿಳಿ ಕಲ್ಲಿನ ಮೇಲೆ ಒದ್ದೆಯ ಗೆರೆ ಎರಡು ಬೆರಳು ಏರಿತ್ತು, ನೀರಿಗೆ ತಿಳಿಯಾದ ಬೂದು ಬಣ್ಣ ಬಂದಿತ್ತು. ನೊಣ ಒಂದೂ ಇಲ್ಲ. ನೋಡನೋಡುತ್ತಾ ಉಂಗುರಗಳು ನಿಂತವು. ಹಿಮ ಇರುವ ಬೆಟ್ಟದ ಹೊಳೆಗಳಲ್ಲಿ ಒಳ್ಳೆಯ ಬಿಸಿಲೇ ಮಧ್ಯಾಹ್ನದ ಆಟ ಕೆಡಿಸುವುದು ಹೀಗೆ.

ಇದೇ ಥರ್ಮಾಮೀಟರ್ ಬೇಸಿಗೆಯಲ್ಲಿ ಉಲ್ಟಾ ಕೆಲಸಕ್ಕೆ ಬರುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 10 ಡಿಗ್ರಿಯ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಹಿಡಿದುಕೊಂಡರೆ 20 ಡಿಗ್ರಿಯದ್ದು 9 ಮಾತ್ರ. ಅದೇ ಹೊತ್ತಿಗೆ ಬಿಸಿಯಾದ ಮೈಗೆ ಉಸಿರು ಜಾಸ್ತಿ ಬೇಕು. 20 ಹತ್ತಿರವಾದರೆ ನಾನು ರಾಡ್ ಬಿಚ್ಚಿ ಕಟ್ಟಿಬಿಡುತ್ತೇನೆ. ಆ ನೀರಿನಲ್ಲಿ ಎಷ್ಟು ಜೋಪಾನವಾಗಿ ಬಿಟ್ಟರೂ ಈಜಿ ಹೋದ ಮೀನು ಆಮೇಲೆ ಸಾಯಬಹುದು. ನಮಗೆ ಕಾಣುವುದಿಲ್ಲ ಅಷ್ಟೇ. ವಸಂತದಲ್ಲಿ ಹೊಳೆಗೆ ಹೋಗಲು ನನಗೆ ಇಷ್ಟವಾಗುವುದಕ್ಕೆ ಇದೂ ಒಂದು ಕಾರಣ, ತಣ್ಣನೆ ನೀರಿನಲ್ಲಿ ನಮ್ಮ ಕೈ ಮರಗಟ್ಟುತ್ತದೆಯೇ ಹೊರತು ಮೀನು ಬೇಗ ಚೇತರಿಸಿಕೊಳ್ಳುತ್ತದೆ.

ಮನೆಗೆ ಬಂದ ಮೇಲೆ ಯಾರಿಗೂ ಇಷ್ಟವಿಲ್ಲದ ಕೆಲಸ ಒಂದಿದೆ, ಬೂಟು ತೊಳೆಯುವುದು. ಒಂದು ಹೊಳೆಯ ಪಾಚಿ, ರೋಗದ ಬೀಜ, ಹುಳದ ಮೊಟ್ಟೆ ಬೂಟಿನ ಅಡಿಯಲ್ಲಿ ಕೂತು ಇನ್ನೊಂದು ಹೊಳೆಗೆ ಹೋಗುತ್ತವೆ. 2004ರಲ್ಲಿ ನ್ಯೂಜಿಲೆಂಡಿನಲ್ಲಿ ಡಿಡಿಮೊ ಎಂಬ ಪಾಚಿ ಕಂಡಿತು, ಕಲ್ಲುಗಳ ಮೇಲೆ ಒದ್ದೆ ಉಣ್ಣೆಯಂತೆ ಹಾಸುವಂಥದ್ದು. ಬೂಟಿನ ಅಡಿಗೆ ಜಾರದಿರಲಿ ಎಂದು ಹಾಕುತ್ತಿದ್ದ ದಪ್ಪ ಕಂಬಳಿಯಂಥ ಫೆಲ್ಟ್ ಬೇಗ ಒಣಗುವುದಿಲ್ಲ, ಅದರಲ್ಲಿ ಅದು ಬದುಕಿ ಉಳಿಯುತ್ತದೆ ಎಂದು 2008ರಲ್ಲಿ ಅಲ್ಲಿ ಫೆಲ್ಟ್ ಅಡಿಯ ಬೂಟನ್ನೇ ನಿಷೇಧಿಸಿದರು. ನಾನು ರಬ್ಬರ್ ಅಡಿಯದ್ದು ಹಾಕುತ್ತೇನೆ. ಬ್ರಶ್ ಹಾಕಿ ಉಜ್ಜಿ, ಲೇಸ್ ಬಿಚ್ಚಿ, ನಾಲಿಗೆ ಹೊರಗೆಳೆದು, ಕೈಗೆ ಪೂರ್ತಿ ಒಣಗಿದೆ ಅನ್ನಿಸಿದ ಮೇಲೂ ಇನ್ನೆರಡು ದಿನ ಹಾಗೇ ಬಿಡುತ್ತೇನೆ.

ರಾತ್ರಿ ಗೆಳೆಯನ ಫೋನು ಬಂತು. ಬೆಟ್ಟದ ಆಚೆ ಬದಿಯಲ್ಲಿ ಇನ್ನೊಂದು ತೊರೆ ಇದೆಯಂತೆ, ಅಲ್ಲಿ ಹಿಮ ಎಲ್ಲ ಕರಗಿ ಮುಗಿದಿದೆಯಂತೆ, ಸಂಜೆಯವರೆಗೂ ಮೀನು ಏಳುತ್ತದಂತೆ, ನಾಳೆಯೇ ಹೋಗೋಣವಾ ಅಂದ.

"ಬೂಟು ಒಣಗಿಲ್ಲ ಮಾರಾಯ. ನಿಂದೂ ಒಣಗಿರಲ್ಲ. ಇವತ್ತಿನ ಹೊಳೆಗೇ ಆದರೆ ಒದ್ದೆ ಬೂಟಿನಲ್ಲೇ ಬರ್ತೀನಿ."

ಸ್ವಲ್ಪ ಹೊತ್ತು ಯೋಚನೆ ಮಾಡಿದ. "ಸರಿ, ಆದರೆ ಬೇರಿನ ಹತ್ತಿರದ್ದು ನಾಳೆ ನಿನಗೆ," ಅಂದ.